ಮಿಟುಕಿಗೆ ಏನಾಗಬೇಕು?

ಹೊಳೆನರಸೀಪುರದ ಆ ಸಣ್ಣ ಕ್ರೈಸ್ತ ಸಭೆಯಲ್ಲಿ ಸಂಡೇ ಸ್ಕೂಲಿಗೆ ಬರುತ್ತಿದ್ದ ಮಕ್ಕಳು ಹತ್ತೊಂಬತ್ತು. ಇಪ್ಪತ್ಮೂರು ವರ್ಷದಿಂದ ಅದನ್ನು ನಡೆಸಿಕೊಂಡು ಬಂದವರು ಕಮಲಿನಿ ಟೀಚರ್. ವಾರವೆಲ್ಲ ಹೈಸ್ಕೂಲಿನಲ್ಲಿ ಕನ್ನಡ ಪಾಠ, ಭಾನುವಾರ ಬೆಳಿಗ್ಗೆ ದೇವಾಲಯದ ಹಿಂದಿನ ಶೀಟಿನ ಕೋಣೆಯಲ್ಲಿ ವೇದಪಾಠ. ಮದುವೆಯಾಗಿರಲಿಲ್ಲ. ಸಭೆಯ ಅರ್ಧ ಜನ ಅವರ ಕೈಯಲ್ಲೇ ಬೈಬಲ್ ವಚನ ಬಾಯಿಪಾಠ ಮಾಡಿದವರು.

ಕೊರೋನಾ ಮುಗಿದ ಮೇಲೆ ಮಕ್ಕಳು ಬರುವುದೇ ಕಡಿಮೆಯಾಯಿತು. ಬಂದವರೂ ಕಾಲಡಿಯಲ್ಲಿ ಫೋನ್ ಇಟ್ಟುಕೊಂಡು ಕೂರುತ್ತಿದ್ದರು. ಆಗ ಟೀಚರ್ ಕೊನೆಯ ಕಾಲು ಗಂಟೆ ಒಂದು ಕಥೆ ಹೇಳಲು ಶುರು ಮಾಡಿದರು. ಅವರೇ ಕಟ್ಟಿದ ಕಥೆ. ಏಳು ಊರು, ಊರಿಗೊಂದು ಆರದ ಒಲೆ. ಬೂದಿರಾಣಿ ಎಂಬವಳು ಒಂದೊಂದೇ ಊರಿಗೆ ಬಂದು ಉಸಿರು ಬಿಟ್ಟರೆ ಒಲೆ ಆರುತ್ತದೆ, ಜನ ಒಬ್ಬರ ಮುಖ ಒಬ್ಬರು ಮರೆಯುತ್ತಾರೆ. ನಾಲ್ಕು ಮಕ್ಕಳು ಮಡಕೆಯಲ್ಲಿ ಕೆಂಡ ಮುಚ್ಚಿಟ್ಟುಕೊಂಡು ಹೊಳೆಯ ದಂಡೆ ಹಿಡಿದು ಹೊರಡುತ್ತಾರೆ. ದಾರಿ ತೋರಿಸುವುದು ಮಾತಾಡುವ ಒಂದು ಮುದಿ ನೀರುನಾಯಿ. ಎರಡು ತಿಂಗಳಲ್ಲಿ ಫೋನುಗಳು ಮಾಯವಾದವು. ಮಕ್ಕಳು ಗಂಟೆ ಹೊಡೆಯುವ ಮುಂಚೆಯೇ ಬಂದು ಮುಂದಿನ ಚಾಪೆಗೆ ಜಗಳ ಆಡತೊಡಗಿದರು.

ಮುಂದಿನ ಚಾಪೆಯಲ್ಲಿ ಪ್ರತಿ ವಾರ ಜಾಗ ಹಿಡಿಯುತ್ತಿದ್ದವಳು ಜೆಮೀಮಾ. ಹನ್ನೊಂದು ವರ್ಷ. ತಾಯಿ ಕುವೈತಿನಲ್ಲಿ ನರ್ಸು. ತಂದೆ ಮನೋಹರನದು ಹಾಸನ ರಸ್ತೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸಭೆಯ ಕಮಿಟಿಯಲ್ಲೂ ಇದ್ದ. ಯಾರಾದರೂ ದಿಟ್ಟಿಸಿ ನೋಡಿದರೆ ಜೆಮೀಮಾಳ ಎರಡೂ ಕಣ್ಣು ಪಿಳಿಪಿಳಿ ಮಿಟುಕತೊಡಗುತ್ತಿದ್ದವು. ಹೆದರಿಕೆಗೆ ಹಾಗಾಗುತ್ತದೆ, ದೊಡ್ಡವಳಾದ ಮೇಲೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳಿಗೆ ಆ ಕಥೆ ಎಂದರೆ ಜೀವ. ಸಂಜೆ ಸ್ಕೂಲು ಬಿಟ್ಟ ಮೇಲೆ ಅಂಗಡಿಯಲ್ಲಿ ಕೂತು, ತಾಮ್ರದ ತಂತಿ ಸುತ್ತುತ್ತಿದ್ದ ಅಪ್ಪನಿಗೆ ಅದನ್ನೇ ಹೇಳುತ್ತಿದ್ದಳು. ಅವನು ಕಿವಿಗೊಡದೆ ಹೂಂಗುಟ್ಟುತ್ತಿದ್ದ.

ಸೆಪ್ಟೆಂಬರಿನಲ್ಲಿ ಮನೋಹರ ಹಾಸನದಲ್ಲಿ ನಡೆದ ಮೂರು ದಿನದ ಉಜ್ಜೀವನ ಪ್ರಾರ್ಥನಾ ಕೂಟಕ್ಕೆ ಹೋಗಿಬಂದ. ಹೊರಗಿನಿಂದ ಬಂದಿದ್ದ ಪ್ರಸಂಗಿಯೊಬ್ಬ, ಮಾಟ ಮಂತ್ರದ ಕಥೆಗಳು ಮಕ್ಕಳ ಮನಸ್ಸಿನೊಳಕ್ಕೆ ಸೈತಾನ ಕೊರೆಯುವ ಕನ್ನ ಎಂದು ಎದೆ ಬಡಿದುಕೊಂಡು ಹೇಳಿದ್ದ. ಮಾರನೆಯ ಸಂಜೆ ಮನೋಹರ ಮಗಳನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿದ.

"ಆ ರಾಣಿ ಕಥೆ ಹೇಳವ್ವಾ. ಮೊದಲಿಂದ."

ಜೆಮೀಮಾಗೆ ನಂಬಲಾಗಲಿಲ್ಲ. ಅಪ್ಪ ಯಾವತ್ತೂ ಕೇಳಿದವನಲ್ಲ. ಒಂದು ಗಂಟೆ ಹೊತ್ತು, ನೀರುನಾಯಿಯ ದನಿ ತೆಗೆದು, ಬೂದಿರಾಣಿಯಂತೆ ಕೆನ್ನೆ ಉಬ್ಬಿಸಿ ಊದಿ, ಒಂದು ಚೂರೂ ಬಿಡದೆ ಹೇಳಿದಳು. ಅವನು ಬಿಲ್ ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡ. ಅಪ್ಪನಿಗೆ ಅಷ್ಟು ಹಿಡಿಸಿತಲ್ಲ ಎಂದು ಅವಳು ಹೋಗಿ ಕುಡಿಯಲು ನೀರು ತಂದುಕೊಟ್ಟಳು.

ಕಮಿಟಿ ಸೇರಿದ್ದು ಅದೇ ಶನಿವಾರ. ಸಭಾಪಾಲಕರಾದ ಅಯ್ಯನವರು, ಆರು ಜನ ಸದಸ್ಯರು, ಕಮಲಿನಿ ಟೀಚರ್. ಮನೋಹರ ಬಿಲ್ ಬುಕ್ ತಿರುವಿಹಾಕಿ ಓದಿದ.

"ಅಯ್ಯನೋರೇ, ರಾಣಿ ಊದಿದ್ರೆ ಬೆಂಕಿ ಆರೋಯ್ತದೆ. ನೀರುನಾಯಿ ಮಾತಾಡ್ತದೆ. ಮಡಕೆಗೆ ಮಂತ್ರ ಹಾಕ್ತಾರೆ. ಇದ್ಯಾವ ಸೀಮೆ ವೇದಪಾಠ? ಮಾಟ ಅನ್ನೋದು ಕರ್ತನಿಗೆ ಅಸಹ್ಯ ಅಂತ ನಾವೇ ಓದ್ತೀವಿ, ನಮ್ ಮಕ್ಳಿಗೆ ಅದನ್ನೇ ಉಣ್ಣುಸ್ತೀವಿ."

ಟೀಚರ್ ತಯಾರಾಗಿಯೇ ಬಂದಿದ್ದರು. "ಕತ್ತೆ ಮಾತಾಡಿದ್ದು ನಮ್ಮ ಬೈಬಲ್ಲಲ್ಲೇ ಬರೆದಿಲ್ವಾ ಮನೋಹರ ಅವ್ರೇ? ಮರಗಳೆಲ್ಲ ಸೇರ್ಕೊಂಡು ತಮಗೊಬ್ಬ ರಾಜ ಬೇಕು ಅಂತ ಹುಡುಕ್ಕೊಂಡು ಹೋದದ್ದು? ತಪ್ಪು ಮಾಡಿದ ಅರಸನ ಮುಂದೆ ಪ್ರವಾದಿ ಏನ್ ಮಾಡ್ದ, ದಂಡ ಹಿಡಿದ್ನಾ? ಒಂದು ಕುರಿಮರಿ ಕಥೆ ಹೇಳ್ದ. ಅರಸ ಆ ಕಥೇಲಿ ತನ್ನ ಮುಖ ನೋಡ್ಕೊಂಡ. ಕಥೆ ಇರೋದೇ ಅದಕ್ಕೆ."

"ಅದು ದೇವರು ಹೇಳ್ಸಿದ್ದು. ಇದು ನೀವ್ ಹೇಳ್ತಿರೋದು."

"ಕತ್ತಲೆ ಅಂದ್ರೇನು ಅಂತ ಗೊತ್ತಿಲ್ಲದ ಮಕ್ಳಿಗೆ ಬೆಳಕಿನ ಬೆಲೆ ಹೆಂಗ್ ಗೊತ್ತಾಗ್ಬೇಕು?"

"ಅದ್ನ ಹೆತ್ತೋರು ನೋಡ್ಕತ್ತಾರೆ ಬುಡಿ," ಎಂದ ಮನೋಹರ. "ಒಂದ್ ಮಗೀನಾದ್ರೂ ಎತ್ತಿ ಆಡ್ಸಿದ್ರೆ ನಿಮ್ಗೂ ತಿಳೀತಿತ್ತು. ಗಂಡ ಇಲ್ಲ, ಮಕ್ಳಿಲ್ಲ, ಮನೇಲೊಬ್ರೇ ಕೂತ್ಕಂಡು ಬೂದಿರಾಣಿ, ದೆವ್ವ, ಪಿಶಾಚಿ ಅಂತ…"

ಯಾರೂ ಅವನನ್ನು ತಡೆಯಲಿಲ್ಲ. ಅಯ್ಯನವರು ಲೋಟ ಎತ್ತಿ ನೀರು ಕುಡಿದರು. ಟೀಚರ್ ಮೇಜಿನ ಮೇಲಿದ್ದ ತಮ್ಮ ಕೈಗಳನ್ನೇ ನೋಡುತ್ತ ಕೂತರು. ಕೊನೆಗೆ ಅಯ್ಯನವರು ತೀರ್ಮಾನ ಹೇಳಿದರು: ಕಥೆ ನಡೆಯಲಿ, ಆದರೆ ಪ್ರತಿ ವಾರ ಕಥೆಯ ಕೊನೆಗೆ ಒಂದು ನೀತಿಪಾಠ ಬೋರ್ಡಿನ ಮೇಲೆ ಬರೆಯಬೇಕು. ಟೀಚರ್ ಗೆದ್ದರು. ಎಲ್ಲರೂ ಚಪ್ಪಲಿ ಮೆಟ್ಟಿಕೊಳ್ಳುವಾಗ ಮನೋಹರ ಅವರಿಗೆ ಕೇಳುವ ಹಾಗೆ ಹೇಳಿದ:

"ನಂಗೇನ್ ಕನಸು ಬಿದ್ದಿರ್ಲಿಲ್ಲ. ನನ್ ಮಗ್ಳೇ ಹೇಳಿದ್ದು, ಒಂದಕ್ಷರ ಬುಡದಂಗೆ."

ಮರುವಾರದ ಕಥೆಯಲ್ಲಿ ಹೊಸಬಳೊಬ್ಬಳು ಬಂದಳು. ಕೆಂಡ ಹೊತ್ತ ಮಕ್ಕಳ ಜೊತೆ ಮೂರನೆಯ ಊರಿನಲ್ಲಿ ಸೇರಿಕೊಳ್ಳುವ ಹುಡುಗಿ. ಅವರ ರೊಟ್ಟಿ ತಿಂದು, ಅವರ ಕಂಬಳಿಯಲ್ಲಿ ಮಲಗಿ, ಕೆಂಡ ಯಾವ ಮಡಕೆಯಲ್ಲಿದೆ ಎಂದು ಬೂದಿರಾಣಿಗೆ ಹೋಗಿ ಹೇಳಿಬರುವವಳು. ಅವಳ ಹೆಸರು ಮಿಟುಕಿ.

"ಮೋಸ ಯೋಚಿಸುವಾಗಲೆಲ್ಲ ಅವಳ ಕಣ್ಣು ಪಿಳಿಪಿಳಿ ಮಿಟುಕುತ್ತಿದ್ದವು," ಎಂದು ಟೀಚರ್ ತಾವು ಬರೆದುಕೊಂಡು ಬಂದಿದ್ದ ಪುಸ್ತಕದಿಂದ ಓದಿದರು.

ಹಿಂದಿನ ಚಾಪೆಯಲ್ಲಿ ಯಾರೋ ಕಿಸಕ್ಕೆಂದರು. ಒಂದು ತಲೆ ತಿರುಗಿತು, ಇನ್ನೊಂದು ತಿರುಗಿತು, ಆಮೇಲೆ ಹದಿನೆಂಟೂ ತಲೆ. ಅಷ್ಟು ಜನ ಒಟ್ಟಿಗೆ ನೋಡಿದ್ದೇ ಜೆಮೀಮಾಳ ಕಣ್ಣು ಮಿಟುಕತೊಡಗಿದವು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಟೀಚರ್ ಅದನ್ನು ನೋಡಿದರು. ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಉಕ್ತಲೇಖನ ಹೇಳುವವರಂತೆ ಆ ವಾಕ್ಯವನ್ನು ಇನ್ನೊಂದು ಸಲ ನಿಧಾನವಾಗಿ ಓದಿದರು. ಬೋರ್ಡಿನ ಮೇಲೆ ಅಂದಿನ ನೀತಿಪಾಠ ಬರೆದರು: ಚಾಡಿ ಹೇಳುವವರು ಒಲೆ ಆರಿಸುವವರು.

ಮನೆಗೆ ನಡೆದುಹೋಗುವಾಗ ಅವರ ಮನಸ್ಸು ಹಗುರವಾಗಿತ್ತು. ಮಕ್ಕಳಿಗೆ ಒಂದು ಒಳ್ಳೆಯ ವಿಷಯ ಕಲಿಸಿದೆ ಎಂದೇ ಅವರು ಅಂದುಕೊಂಡರು.

ಜೆಮೀಮಾ ಮನೆಯಲ್ಲಿ ಏನೂ ಹೇಳಲಿಲ್ಲ. ಹೇಳಿದ್ದಕ್ಕೇ ತಾನೇ ಇದೆಲ್ಲ ಆದದ್ದು. ಅವಳ ಜೊತೆಗಾತಿ ತೇಜಶ್ರೀ ಎರಡು ವರ್ಷ ದೊಡ್ಡವಳು, ಅದೇ ಸಭೆಯವಳು, ಅದೇ ಸ್ಕೂಲು. ಇಬ್ಬರೂ ಒಂದೇ ಡಬ್ಬಿಯಲ್ಲಿ ಚಿತ್ರಾನ್ನ ತಿಂದವರು. ಆ ವಾರ ಊಟದ ಹೊತ್ತಿನಲ್ಲಿ ತೇಜಶ್ರೀ ಬೇರೆ ಬೆಂಚಿಗೆ ಹೋದಳು.

"ಬೇಜಾರ್ ಮಾಡ್ಕೋಬೇಡ ಕಣೇ," ಎಂದಳು. "ನಿನ್ ಜೊತೆ ಕೂತ್ರೆ ನನ್ನೂ ಅಂಗೇ ಅಂತಾರೆ."

ತಿಂಗಳೊಳಗೆ ಹೆಸರು ಸ್ಕೂಲಿಗೂ ಹರಡಿತು. ಕಥೆಯನ್ನು ಕೇಳಿಯೇ ಇರದ ಮಕ್ಕಳೂ 'ಲೇ ಮಿಟುಕಿ' ಎಂದು ಕೂಗತೊಡಗಿದರು. ಸಂಡೇ ಸ್ಕೂಲಿನಲ್ಲಿ ಆಟ ಶುರುವಾಯಿತು. ಎಲ್ಲರೂ ಕೈ ಹಿಡಿದು ದುಂಡಗೆ ನಿಂತರೆ ಅದು ಒಲೆ. ಜೆಮೀಮಾ ಹೊರಗೆ ನಿಲ್ಲಬೇಕು. ಟೀಚರ್ ಕಿಟಕಿಯಿಂದ ಎರಡು ಮೂರು ಸಲ ನೋಡಿದರು. ಒಂದು ಸಲ ಎದ್ದು ಬಾಗಿಲವರೆಗೂ ಬಂದರು. ಅವಳೇ ಬಂದು ಹೇಳಲಿ, ಹೇಳುವುದು ಅವಳಿಗೆ ಚೆನ್ನಾಗಿ ಬರುತ್ತದಲ್ಲ ಎಂದುಕೊಂಡು ತಿರುಗಿಹೋದರು.

ಕ್ರಿಸ್ಮಸ್ ಕಳೆದ ಮೇಲೆ ಮನೋಹರನಿಗೆ ಗೊತ್ತಾಯಿತು. ಅಂಗಡಿಯ ಮುಂದೆಯೇ ಹುಡುಗರು ಕೂಗಿಕೊಂಡು ಓಡಿದ್ದರು. ಮಗಳ ಬಾಯಿ ಬಿಡಿಸಿದ. ಅವಳು ಅಳುತ್ತ ಎಲ್ಲ ಹೇಳಿದಳು. ಅವನ ಮುಖ ಕೆಂಪಾಯಿತು, ಆಮೇಲೆ ನಿಧಾನಕ್ಕೆ ಗೆಲುವಾಯಿತು.

"ನೋಡ್ದಾ? ನಾನ್ ಏನಂದಿದ್ದೆ? ಮಾಟದ ಕಥೆ ಮಕ್ಳನ್ನ ಏನ್ ಮಾಡ್ತದೆ ಅಂತ ಈಗ್ಲಾರ ಗೊತ್ತಾಯ್ತಾ?"

"ಅಪ್ಪಾ, ನಾನ್ ಇನ್ಮೇಲೆ ಓಗಲ್ಲ."

"ಓಗ್ದೇ ಇದ್ರೆ ಅವ್ರು ಗೆದ್ದಂಗೆ. ಓಗು. ಯಾರ್ಯಾರು ಏನೇನಂದ್ರು, ಆ ಟೀಚರು ಏನೇನ್ ಓದಿದ್ರು, ಎಲ್ಲ ಬರ್ಕಂಡು ಬಾ. ಈ ಸಲ ಕಮಿಟಿ ಮುಂದೆ ಮಡಗ್ತೀನಿ."

ಅವನೇ ಒಂದು ಸಣ್ಣ ನೋಟ್‌ಬುಕ್ ಕೊಟ್ಟ. ಜೆಮೀಮಾ ಪ್ರತಿ ಭಾನುವಾರ ಅದನ್ನು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ, ಕಕ್ಕಸಿನಲ್ಲಿ ನಿಂತು ಬರೆದಳು. ತಾರೀಖು, ಹೆಸರು, ಅಂದ ಮಾತು, ಹಿಂದೆ ಆಗಿಹೋದದ್ದೂ. ಸುಳ್ಳೊಂದೂ ಬರೆಯಲಿಲ್ಲ.

ಏಪ್ರಿಲ್ ಹೊತ್ತಿಗೆ ಕಥೆ ಏಳನೆಯ ಊರು ತಲುಪಿತ್ತು. ಮಿಟುಕಿ ಸಿಕ್ಕಿಬಿದ್ದಿದ್ದಳು. ಟೀಚರ್ ಪುಸ್ತಕ ಮುಚ್ಚಿ ಕೇಳಿದರು:

"ಈಗ ನೀವೇ ಹೇಳಿ ಮಕ್ಕಳೇ. ಮಿಟುಕಿಗೆ ಏನಾಗಬೇಕು?"

ಕೈಗಳು ಮೇಲೆದ್ದವು. ಊರಾಚೆ ಹಾಕಬೇಕು. ಚಳಿಯಲ್ಲಿ ನಿಲ್ಲಿಸಬೇಕು. ಕೊನೆಗೊಬ್ಬ ಸಣ್ಣ ಹುಡುಗ ಎದ್ದು ನಿಂತು, "ಅವ್ಳು ಬೂದಿರಾಣಿ ಕಡೆಯೋಳಲ್ವಾ ಟೀಚರ್, ಅವ್ಳ ಕಣ್ಗೇ ಬೂದಿ ಹಾಕ್ಬೇಕು, ಮಿಟುಕ್ಸಕ್ಕೇ ಆಗ್ಬಾರ್ದು," ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಚರಿಗೂ ನಗು ಬಂತು.

"ಯೋಚನೆ ಮಾಡಿ. ಕೊನೆ ಏನು ಅಂತ ಪಿಕ್ನಿಕ್ ದಿನ ಹೇಳ್ತೀನಿ," ಎಂದರು.

ನಿಜಕ್ಕೂ ಕೊನೆ ಅವರು ಬರೆದಿಟ್ಟಾಗಿತ್ತು. ಮಕ್ಕಳು ಮಿಟುಕಿಯನ್ನು ಕ್ಷಮಿಸಿ ಒಲೆಯ ಹತ್ತಿರ ಕೂರಿಸಿಕೊಳ್ಳುತ್ತಾರೆ. ಅಷ್ಟು ದಿನ ಕಾಯಿಸಿದರೆ ಕ್ಷಮೆ ಇನ್ನೂ ಚೆನ್ನಾಗಿ ನಾಟುತ್ತದೆ ಎಂಬುದು ಅವರ ಲೆಕ್ಕ.

ಮೇ ತಿಂಗಳಲ್ಲಿ ಎಲ್ಲರೂ ಟೆಂಪೋ ಮಾಡಿಕೊಂಡು ಶೆಟ್ಟಿಹಳ್ಳಿಗೆ ಹೋದರು. ಅಣೆಕಟ್ಟಿನ ಹಿನ್ನೀರು ದೂರಕ್ಕೆ ಸರಿದಿತ್ತು. ಸೂರಿಲ್ಲದ ಹಳೆಯ ಇಗರ್ಜಿ ಬಿರುಕುಬಿಟ್ಟ ಮಣ್ಣಿನ ಮೇಲೆ ನಿಂತಿತ್ತು, ಸುತ್ತ ದನ ಮೇಯುತ್ತಿದ್ದವು, ಮದುವೆ ಜೋಡಿಯೊಂದು ಫೋಟೋ ತೆಗೆಸಿಕೊಳ್ಳುತ್ತಿತ್ತು. ಮಕ್ಕಳು ಕಂಡಕೂಡಲೇ ಕೂಗಿದರು: "ಬೂದಿರಾಣಿ ಕೋಟೆ!" ಸ್ತ್ರೀಯರ ಕೂಟದ ಹೆಂಗಸರು ಮರದಡಿ ಮೂರು ಕಲ್ಲು ಹೂಡಿ ಪಲಾವ್ ಮಾಡಿದರು. ಟೀಚರ್ ಆಚೆ ಇನ್ನೊಂದು ಮರದ ನೆರಳಿನಲ್ಲಿ ಚಾಪೆ ಹಾಸಿಕೊಂಡು ಈರುಳ್ಳಿ ಹೆಚ್ಚಿಕೊಟ್ಟರು.

ಊಟವಾದ ಮೇಲೆ ಮಕ್ಕಳು ಗೋಡೆಗಳ ನಡುವೆ ಓಡಾಡತೊಡಗಿದರು. ಹಿಡಿಯುವ ಆಟದಲ್ಲಿ ಯಾರೋ ಜೆಮೀಮಾಳ ಲಂಗ ಹಿಡಿದೆಳೆದರು. ನೋಟ್‌ಬುಕ್ ಕೆಳಗೆ ಬಿತ್ತು. ತೇಜಶ್ರೀ ಎತ್ತಿಕೊಂಡು ಒಂದು ಪುಟ ಓದಿದಳು. ಅದರಲ್ಲಿ ಅವಳದೇ ಹೆಸರಿತ್ತು: ತೇಜಶ್ರೀ ಬೇರೆ ಬೆಂಚಿಗೆ ಹೋದಳು, ನನ್ನ ಜೊತೆ ಕೂತರೆ ಅವಳನ್ನೂ ಹಾಗೇ ಅನ್ನುತ್ತಾರಂತೆ. ಎಲ್ಲರ ಹೆಸರೂ ಇತ್ತು.

"ನಿಜ್ವಾಗ್ಲೂ ಮಿಟುಕಿನೇ ಕಣ್ರೋ ಇವ್ಳು!" ಎಂದು ಒಬ್ಬ ಕೂಗಿದ.

ಅವಳನ್ನು ಬಲಿಪೀಠವಿದ್ದ ಕಡೆಗೆ ಎಳೆದುಕೊಂಡು ಹೋದರು. ಇಬ್ಬರು ಹುಡುಗರು ತೋಳು ಹಿಡಿದರು. ದೊಡ್ಡವಳೆಂದು ತೇಜಶ್ರೀಯನ್ನು ಒಲೆಯ ಕಾವಲುಗಾತಿ ಮಾಡಿದರು. ಅವಳು ಮರದಡಿಗೆ ಓಡಿಹೋಗಿ, ಹೆಂಗಸರು ಪಾತ್ರೆ ತೊಳೆಯಲು ಹೋಗಿದ್ದಾಗ, ಒಲೆಯಿಂದ ಒಂದು ತೆಂಗಿನ ಚಿಪ್ಪಿನ ತುಂಬ ಬೂದಿ ಬಾಚಿಕೊಂಡು ಬಂದಳು. ಮೇಲೆ ಬೆಳ್ಳಗಿತ್ತು. ಅಡಿಯಲ್ಲಿ ಕೆಂಡದ ಚೂರಿತ್ತು.

"ಬೇಡ ಕಣೇ ತೇಜಾ," ಎಂದಳು ಜೆಮೀಮಾ. ಅವಳ ಕಣ್ಣು ಒಂದೇ ಸಮ ಮಿಟುಕುತ್ತಿದ್ದವು. ಸುತ್ತಲಿನವರು ಕೈ ತಟ್ಟುತ್ತ "ಬೂದಿ! ಬೂದಿ!" ಎನ್ನುತ್ತಿದ್ದರು. ತೇಜಶ್ರೀ ಒಂದು ಗಳಿಗೆ ನಿಂತಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ಕೂಗು ಚಾಪೆಯವರೆಗೂ ಕೇಳಿಸಿತು. ಟೀಚರ್ ಪಕ್ಕದಲ್ಲಿದ್ದ ಹೆಂಗಸಿಗೆ ಹೇಳಿದರು, "ನೋಡಿ, ಕಥೆ ಹೆಂಗೆ ಬಾಯಿಪಾಠ ಆಗಿದೆ!" ಆಮೇಲೆ ಕಿರುಚಾಟ ಕೇಳಿತು. ಅದು ಆಟದ ಕಿರುಚಾಟವಲ್ಲ ಎಂದು ತಿಳಿದು ಅವರು ಎದ್ದು ಓಡುವಷ್ಟರಲ್ಲಿ ಜೆಮೀಮಾ ನೆಲದ ಮೇಲೆ ಹೊರಳುತ್ತಿದ್ದಳು.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು, ಸೌದೆ ಬೂದಿ ಸುಣ್ಣವಿದ್ದ ಹಾಗೆ, ಅದರ ಮೇಲೆ ಬಿಸಿ ಬೇರೆ ಎಂದರು. ಬಲಗಣ್ಣು ಹೋಯಿತು. ಎಡಗಣ್ಣು ಉಳಿಯಿತು.

ಮತ್ತೆ ಕಮಿಟಿ ಸೇರಿತು. ಕಮಲಿನಿ ಟೀಚರ್ ಸೆರಗಿನಿಂದ ಕಣ್ಣೊರಸಿಕೊಂಡು ಹೇಳಿದರು: "ನಾನು ಬರೆದಿದ್ದು ಕ್ಷಮೆ ಕಥೆ ಅಯ್ಯನೋರೇ. ಬೇಕಿದ್ರೆ ಕೊನೇ ಅಧ್ಯಾಯ ಓದಿ. ಮಕ್ಳು ಅದನ್ನ ಕೇಳೋದ್ರೊಳಗೆ ಹಿಂಗಾಗೋಯ್ತು." ಮಿಟುಕಿ ಯಾರನ್ನು ನೋಡಿ ಹುಟ್ಟಿದಳೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಯಾರೂ ಕೇಳಲಿಲ್ಲ. ಕೇಳಿದರೆ ಇಷ್ಟು ದಿನ ನೀವೇನು ಮಾಡುತ್ತಿದ್ದಿರಿ ಎಂಬ ಮಾತು ಬರುತ್ತಿತ್ತು. ಯಾರಾದರೂ ಒಬ್ಬರು ಬೇಕಿತ್ತು, ತೇಜಶ್ರೀ ಇದ್ದಳು. ಅವಳ ಅಪ್ಪ ಎಲ್ಲರೆದುರೇ ಬೆಲ್ಟು ಬಿಚ್ಚಿ ಮಗಳಿಗೆ ಹೊಡೆದ. ಅಯ್ಯನವರು ಏಳೆಂಟು ಏಟು ಬಿದ್ದ ಮೇಲೆ "ಸಾಕು ಬಿಡಪ್ಪಾ" ಎಂದರು. ಇನ್ನು ಮುಂದೆ ಆ ಹುಡುಗಿ ಸಂಡೇ ಸ್ಕೂಲಿಗೆ ಬರಬಾರದು ಎಂದು ತೀರ್ಮಾನವಾಯಿತು.

ಮನೋಹರ ಮಗಳನ್ನು ಕೂಟಗಳಿಗೆ ಕರೆದುಕೊಂಡು ಹೊರಟ. ಮೊದಲು ಹಾಸನ, ಆಮೇಲೆ ಚನ್ನರಾಯಪಟ್ಟಣ. ಪ್ರಸಂಗಿ ಅವಳನ್ನು ವೇದಿಕೆಗೆ ಹತ್ತಿಸಿ, ಮೈಕಿನಲ್ಲಿ, "ಕಪ್ಪು ಕನ್ನಡಕ ತೆಗಿ ಮಗಳೇ, ಕಟ್ಟುಕಥೆ ಏನು ಮಾಡಿತು ಎಂದು ಜನ ನೋಡಲಿ," ಎನ್ನುತ್ತಿದ್ದ. ಜನ ಸ್ತೋತ್ರ, ಸ್ತೋತ್ರ ಎಂದು ಅಳುತ್ತಿದ್ದರು. ಮನೋಹರ ಪಕ್ಕದಲ್ಲಿ ಕೈ ಕಟ್ಟಿ ನಿಂತಿರುತ್ತಿದ್ದ. ತಾಯಿ ಇಪ್ಪತ್ತು ದಿನದ ರಜೆಯಲ್ಲಿ ಕುವೈತಿನಿಂದ ಬಂದವಳು ಚನ್ನರಾಯಪಟ್ಟಣದ ಕೂಟಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿದಳು. ಮಾರನೆಯ ದಿನವೇ ಮಗಳನ್ನು ಅರಕಲಗೂಡಿಗೆ, ತನ್ನ ತಾಯಿ ದಾನಮ್ಮನ ಮನೆಗೆ ಕರೆದೊಯ್ದು ಬಿಟ್ಟಳು. ರಜೆ ಮುಗಿಯಿತು, ಹೊರಟುಹೋದಳು.

ಮಳೆಗಾಲ ಕಳೆಯುವಷ್ಟರಲ್ಲಿ ಟೀಚರ್ ಕಥೆ ಪುಸ್ತಕವಾಯಿತು. ಕ್ರೈಸ್ತ ಮಕ್ಕಳಿಗೆ ಕನ್ನಡದಲ್ಲಿ ಇಂಥದ್ದು ಬೇಕಿತ್ತು ಎಂದು ಪ್ರಕಾಶಕರೊಬ್ಬರು ಹುಡುಕಿಕೊಂಡು ಬಂದಿದ್ದರು. ಅಯ್ಯನವರು ಮುನ್ನುಡಿ ಬರೆದರು: ದ್ರೋಹ ಮಾಡಿದವಳನ್ನೂ ಒಲೆಯ ಬಳಿಗೆ ಕರೆಯುವ ಕೊನೆಯ ಅಧ್ಯಾಯ ಸುವಾರ್ತೆಯ ಸಾರ. ಬಿಡುಗಡೆಯ ದಿನ ಟೀಚರಿಗೆ ಶಾಲು ಹೊದಿಸಿದರು. ಮನೋಹರ ಬರಲಿಲ್ಲ. ಉಳಿದವರೆಲ್ಲ ಬಂದಿದ್ದರು.

ಡಿಸೆಂಬರಿನ ಒಂದು ಶನಿವಾರ ಕಮಲಿನಿ ಟೀಚರ್ ಅರಕಲಗೂಡಿನ ಬಸ್ಸು ಹತ್ತಿದರು. ಏಳು ತಿಂಗಳಿಂದ ಅವರಿಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡರು: ಅದು ನೀನೇ ಮಗಳೇ, ನಿಮ್ಮಪ್ಪನ ಮೇಲಿನ ಸಿಟ್ಟನ್ನು ನಿನ್ನ ಮೇಲೆ ತೀರಿಸಿಕೊಂಡೆ, ನನ್ನನ್ನು ಕ್ಷಮಿಸು.

ಜೆಮೀಮಾ ಜಗಲಿಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಎತ್ತರವಾಗಿದ್ದಳು. ಟೀಚರನ್ನು ನೋಡಿ ಎದ್ದು ನಿಂತು "ವಂದನೆ ಟೀಚರ್" ಎಂದಳು. ಒಳಗಿನಿಂದ ಸ್ಟೂಲು ತಂದು ಹಾಕಿದಳು.

"ಪುಸ್ತಕ ಓದ್ದೆ ಟೀಚರ್. ಅಯ್ಯನೋರು ಕಳ್ಸಿದ್ರು. ಕೊನೆ ಚೆನ್ನಾಗೈತೆ."

ಟೀಚರ್ ಸ್ಟೂಲಿನ ಮೇಲೆ ಕೂತರು.

"ಒಂದ್ ಮಾತು ಕೇಳ್ಲಾ?" ಎಂದಳು ಹುಡುಗಿ. "ಮಿಟುಕಿ ನಾನೇ ಅಲ್ವಾ? ಅಪ್ಪಂಗೆ ಹೇಳಿದ್ನಲ್ಲ, ಅದ್ಕೆ ಬರೆದ್ರಿ ಅಲ್ವಾ? ನಾನ್ ಚಾಡಿ ಹೇಳಿರ್ಲಿಲ್ಲ ಟೀಚರ್. ಅಪ್ಪಂಗೂ ಕಥೆ ಇಷ್ಟ ಆಯ್ತು ಅನ್ಕಂಡಿದ್ದೆ."

ಅಷ್ಟರಲ್ಲಿ ದಾನಮ್ಮ ಕಾಫಿ ಲೋಟ ಹಿಡಿದು ಹೊಸ್ತಿಲಲ್ಲಿ ಬಂದು ನಿಂತಳು. ಟೀಚರ್ ಆ ಮುದುಕಿಯ ಮುಖ ನೋಡಿದರು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಒಂದು ಮಾತೂ ನಾಲಿಗೆಗೆ ಬರಲಿಲ್ಲ.

"ಛೆ, ಅಲ್ಲಮ್ಮಾ," ಎಂದರು. "ಮಿಟುಕಿ ಯಾರೂ ಅಲ್ಲ. ಕಥೆಯಲ್ಲಿ ಬರೋರು ಕಥೆಯಲ್ಲೇ ಹುಟ್ಟೋದು."

"ನನ್ ನೋಡಿ ಬರೀಲಿಲ್ವಾ?"

"ಇಲ್ಲ."

"ನಿಜ್ವಾಗ್ಲೂ?"

"ನಿಜವಾಗ್ಲೂ ಕಣಮ್ಮಾ."

ಜೆಮೀಮಾ ಸೊಪ್ಪಿನ ಎರಡು ಕಡ್ಡಿ ಮುರಿದಳು. ಆಮೇಲೆ ಒಳಗೆ ಹೋಗಿ ಮಡಿಸಿದ ಒಂದು ಕಾಗದ ತಂದಳು.

"ತೇಜಾ ನಂಗೆ ನಾಕು ಕಾಗ್ದ ಬರೆದವ್ಳೆ. ತಪ್ಪಾಯ್ತು, ತಪ್ಪಾಯ್ತು ಅಂತ. ನಾನೂ ಒಂದ್ ಬರೆದಿದ್ದೆ. ನೀನೇನ್ ಮಾಡ್ತೀಯಾ ಪಾಪ, ಟೀಚರೇ ನನ್ನ ಕಥೇಲಿ ಅಂಗ್ ಬರೆದಿದ್ರು, ನಿಂದೇನೂ ತಪ್ಪಿಲ್ಲ ಕಣೇ ಅಂತ. ನಿಮ್ ಕೈಲಿ ಕಳ್ಸಣ ಅನ್ಕಂಡೆ."

ಟೀಚರ್ ಕೈ ಚಾಚಿದರು. ಹುಡುಗಿ ಕೊಡಲಿಲ್ಲ.

"ಕಥೇಲಿರೋದು ನಾನಲ್ಲ ಅಂದ್ರೆ, ಅವ್ಳು ಬೇಕ್ಬೇಕಂತ್ಲೇ ಮಾಡಿದ್ಲು," ಎಂದಳು. ಒಂದೊಂದೇ ಮಾತನ್ನು ತೂಗಿ ನೋಡುವವಳ ಹಾಗೆ ಹೇಳಿದಳು. "ನಾನ್ ಬೇಡ ಕಣೇ ಅಂದೆ. ಆದ್ರೂ ಹಾಕಿದ್ಲು. ಅವ್ಳೇ ಕೆಟ್ಟೋಳು."

ಟೀಚರ್ ಬಾಯಿ ತೆರೆದರು. ಆಗಲೂ ಹೇಳಬಹುದಿತ್ತು. ಜೆಮೀಮಾ ಕಾಗದವನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಹರಿದು, ಚೂರುಗಳನ್ನು ಸೋಸಿ ಎಸೆದ ಸೊಪ್ಪಿನ ಕಡ್ಡಿಗಳ ಮೇಲೆ ಹಾಕಿದಳು.

"ಕಾಫಿ ತಣ್ಣಗಾಯ್ತದೆ, ಕುಡೀರಿ," ಎಂದಳು ದಾನಮ್ಮ.

ಟೀಚರ್ ಕುಡಿದರು.

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಕಂಬದ ಹತ್ತಿರ ತೇಜಶ್ರೀ ನಿಂತಿದ್ದಳು. ಟೀಚರ್ ಅರಕಲಗೂಡಿಗೆ ಹೋಗಿದ್ದಾರೆಂದು ಯಾರಿಂದಲೋ ಕೇಳಿ, ಬೆಳಿಗ್ಗೆಯಿಂದ ಅಲ್ಲಿಂದ ಬರುವ ಪ್ರತಿ ಬಸ್ಸನ್ನೂ ನೋಡುತ್ತಿದ್ದವಳು. ಓಡಿಬಂದು ಟೀಚರ ಕೈಯಿಂದ ಚೀಲ ಇಸಿದುಕೊಂಡಳು.

"ಜೆಮಿ ಏನಾರ ಹೇಳಿದ್ಲಾ ಟೀಚರ್? ನಂಗೆ ಅಂತ?"

"ಇಲ್ಲ ಕಣಮ್ಮಾ. ಏನೂ ಹೇಳಲಿಲ್ಲ."

ತೇಜಶ್ರೀ ತಲೆಯಾಡಿಸಿದಳು. ಚೀಲ ಹೊತ್ತುಕೊಂಡು ಟೀಚರ ಮನೆಯ ಗೇಟಿನವರೆಗೂ ಹಿಂದೆ ಹಿಂದೆಯೇ ನಡೆದು ಬಂದಳು.